ಬೆಟ್ಟ ಇಳಿಯೋದನ್ನ ಸ್ಕಿಪ್ ಮಾಡ್ಬೇಡಿ

ಎಲ್ಲರಿಗೂ ನಮಸ್ಕಾರ. ಇವತ್ತು ಟೆಂಟ್ ಬಗ್ಗೆ ಮಾತಾಡೋದಿತ್ತು, ಸ್ಕ್ರಿಪ್ಟೂ ರೆಡಿ ಇತ್ತು. ಅದನ್ನ ಮುಂದಿನ ವಾರಕ್ಕೆ ತಳ್ಳಿದೀವಿ. ಕಾರಣ ಒಂದು ಕಾಮೆಂಟು. ಕುಮಾರ ಪರ್ವತದ ವಿಡಿಯೋ ಹಾಕಿದ್ವಲ್ಲ, ಅದರ ಕೆಳಗೆ ಒಬ್ಬರು ಬರೆದಿದಾರೆ: "ಅಣ್ಣಾ, ವಿಡಿಯೋ ಸೂಪರ್. ಆದ್ರೆ ಅರ್ಧಕ್ಕರ್ಧ ಬರೀ ಇಳಿಯೋದೇ ಇದೆ, ಸ್ಕಿಪ್ ಮಾಡ್ದೆ. ಟಾಪ್ ಮುಟ್ಟಿದ್ಮೇಲೆ ಇನ್ನೇನಿರುತ್ತೆ?"

ಇನ್ನೇನಿರುತ್ತಾ? ಇಡೀ ಬೆಟ್ಟ ಇರುತ್ತೆ ಗುರು! ಹತ್ತಿದ ಒಂದೊಂದು ಅಡಿಯೂ ಹಾಗೇ ಉಳಿದಿರುತ್ತೆ, ಬಾಕಿ ಸಾಲ ಉಳಿದ ಹಾಗೆ. ಆ ಕಾಮೆಂಟಿಗೆ ಬಿದ್ದಿರೋ ಲೈಕ್ ನೋಡಿ ಸಿಟ್ಟು ಬಂತು. ಒಬ್ಬರ ಮಾತಾಗಿದ್ರೆ ಬಿಟ್ಬಿಡಬಹುದಿತ್ತು. ಇದು ಬೆಂಗಳೂರಿಂದ ಶುಕ್ರವಾರ ರಾತ್ರಿ ಬಸ್ ಹತ್ತೋ ಮುಕ್ಕಾಲು ಪಾಲು ಜನರ ತಲೆಯಲ್ಲಿರೋ ಮಾತು. ಅದಕ್ಕೇ ಇವತ್ತು ಪೂರ್ತಿ ಇದೊಂದೇ ವಿಷಯ. ಇಳಿಯೋದೇ ಚಾರಣ. ಹತ್ತೋದು ಅದಕ್ಕೆ ತಯಾರಿ.

ಮೊದಲು ಲೆಕ್ಕ ನೋಡಿ. ಕುಮಾರ ಪರ್ವತದ ತುದಿ 1712 ಮೀಟರ್. ಚಾರಣ ಶುರುವಾಗೋ ಕುಕ್ಕೆ ಸುಬ್ರಹ್ಮಣ್ಯ ಇರೋದು ಸುಮಾರು 120 ಮೀಟರ್ ಎತ್ತರದಲ್ಲಿ. ಅಂದ್ರೆ ತುದಿಯಿಂದ ಕೆಳಗೆ ಬರೋಕೆ ಹೆಚ್ಚುಕಮ್ಮಿ 1600 ಮೀಟರ್ ಇಳೀಬೇಕು. ಕಟ್ಟಡದ ಒಂದು ಮಹಡಿಗೆ 3 ಮೀಟರ್ ಹಿಡಿದ್ರೆ 500ಕ್ಕೂ ಹೆಚ್ಚು ಮಹಡಿ. ಹೆಜ್ಜೆಗೆ ಒಂದು ಗೇಣು ಇಳಿದ್ರೂ ಸುಮಾರು 7000 ಸಲ ನಿಮ್ಮ ಮೈಭಾರ, ಬ್ಯಾಗಿನ ಭಾರ ಎರಡನ್ನೂ ಒಂದೇ ಮಂಡಿ ಮೇಲೆ ಹಿಡಿದು ನಿಲ್ಲಿಸ್ಬೇಕು. ಸ್ಕಿಪ್ ಮಾಡ್ತೀನಿ ಅಂದ್ರಲ್ಲ, ಆ 7000 ಹೆಜ್ಜೇನ.

ಇಳಿಯುವಾಗ ಮೈಗೆ ಏನಾಗುತ್ತೆ ಅಂತ ಹೇಳ್ತೀನಿ. ಬಾವಿಯಿಂದ ತುಂಬಿದ ಕೊಡ ಮೇಲೆಳೆಯೋದು ಒಂದು ಕೆಲಸ. ಅದೇ ತುಂಬಿದ ಕೊಡಾನ ಹಗ್ಗ ಜಾರದ ಹಾಗೆ ಒಂದೊಂದೇ ಗೇಣು ಕೆಳಗೆ ಬಿಡೋದು ಬೇರೆ ಕೆಲಸ. ಹತ್ತುವಾಗ ತೊಡೆಯ ಸ್ನಾಯು ಕುಗ್ಗುತ್ತಾ ನಿಮ್ಮನ್ನ ಎತ್ತುತ್ತೆ. ಇಳಿಯುವಾಗ ಅದೇ ಸ್ನಾಯು ಹಿಗ್ಗುತ್ತಾ, ಅದೇ ಹೊತ್ತಿಗೆ ಬಿಗಿ ಹಿಡಿದು ಬ್ರೇಕ್ ಹಾಕ್ಬೇಕು. ಹಿಗ್ಗಿಕೊಂಡು ಭಾರ ಹಿಡಿದಾಗ ಸ್ನಾಯುವಿನ ಎಳೆಗಳು ಸಣ್ಣಸಣ್ಣದಾಗಿ ಹರೀತವೆ. ಭಾನುವಾರ ಇಳಿದು, ಸೋಮವಾರ "ಪರವಾಗಿಲ್ಲ" ಅಂದು, ಮಂಗಳವಾರ ಆಫೀಸ್ ಮೆಟ್ಟಿಲಲ್ಲಿ ಕಂಬಿ ಹಿಡಿದು ಹಿಮ್ಮುಖವಾಗಿ ಇಳೀತೀರಲ್ಲ, ಅದು ಇಳಿದದ್ದರ ನೋವು. ಒಂದು ದಿನ ಬಿಟ್ಟು ಏರುತ್ತೆ, ಎರಡನೇ ದಿನಕ್ಕೆ ಜೋರಾಗುತ್ತೆ.

ಇದರಲ್ಲಿ ಮೋಸ ಎಲ್ಲಿದೆ ಗೊತ್ತಾ? ಹತ್ತುವಾಗ ಎದೆ ನಿಮ್ಮನ್ನ ತಡೆಯುತ್ತೆ. ಏದುಸಿರು ಬರುತ್ತೆ, ನಿಲ್ತೀರಿ, ನೀರು ಕುಡೀತೀರಿ. ಇಳಿಯುವಾಗ ಉಸಿರು ಆರಾಮಾಗಿರುತ್ತೆ. ಹಾಡು ಹೇಳ್ಕೊಂಡು ಬರ್ತೀರಿ. ಎದೆ ಎಚ್ಚರಿಕೆ ಕೊಡಲ್ಲ, ಆದ್ದರಿಂದ ತೊಡೆ ಸೋತದ್ದು ಗೊತ್ತಾಗಲ್ಲ. ಗೊತ್ತಾಗೋದು ಯಾವಾಗ ಅಂದ್ರೆ ಕಲ್ಲಿನ ಮೇಲೆ ಕಾಲಿಟ್ಟಾಗ ಮಂಡಿ ಗಡಗಡ ನಡುಗಿದಾಗ. ಅಷ್ಟು ಹೊತ್ತಿಗೆ ದಾರಿ ಮಧ್ಯದ ಗಿರಿಗದ್ದೆ ದಾಟಿ ಕಾಡೊಳಗಿರ್ತೀರಿ, ಕಾಲ ಕೆಳಗೆ ಬೇರು, ಪಾಚಿ, ತರಗೆಲೆ. ಬೆಳಿಗ್ಗೆ ಹತ್ತುವಾಗ ಮೆಟ್ಟಿಲಾಗಿ ಒದಗಿದ ಬೇರೇ ಸಂಜೆ ಕಾಲಿಗೆ ತೊಡರೋದು.

ಆಗುಂಬೆ ಘಾಟಿಯ 14 ತಿರುವನ್ನ ಯಾವ ಡ್ರೈವರೂ ನ್ಯೂಟ್ರಲ್‌ನಲ್ಲಿ ಇಳಿಯಲ್ಲ. ಹತ್ತೋ ಗೇರಲ್ಲೇ ಇಳೀತಾನೆ, ಬ್ರೇಕ್ ಕಾದು ಕೈಕೊಡುತ್ತೆ ಅಂತ ಅವನಿಗೆ ಗೊತ್ತು. ಗಾಡಿಗೆ ತೋರಿಸೋ ಕಾಳಜಿ ಕಾಲಿಗೆ ತೋರಿಸೋಕಾಗಲ್ವಾ?

"ಹತ್ತೋಕೆ 6 ಗಂಟೆ, ಇಳಿಯೋಕೆ 3 ಗಂಟೆ ಸಾಕು" ಅನ್ನೋ ಲೆಕ್ಕ ಇನ್ನೊಂದಿದೆ. ಯಾರು ಕಲಿಸಿದ್ದೋ ಇದನ್ನ! ವಿಲಿಯಂ ನೈಸ್ಮಿತ್ ಅಂತ ಸ್ಕಾಟ್ಲೆಂಡಿನ ಪರ್ವತಾರೋಹಿ 1892ರಲ್ಲೇ ಒಂದು ಸೂತ್ರ ಕೊಟ್ರು. ಇವತ್ತಿನ ಅಳತೆಯಲ್ಲಿ ಹೇಳೋದಾದ್ರೆ 5 ಕಿಲೋಮೀಟರ್ ನಡಿಗೆಗೆ 1 ಗಂಟೆ, ಜೊತೆಗೆ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ಆಮೇಲೆ ಎರಿಕ್ ಲ್ಯಾಂಗ್‌ಮುಯಿರ್ ಅನ್ನೋರು ಅದಕ್ಕೆ ಇಳಿಜಾರಿನ ತಿದ್ದುಪಡಿ ಸೇರಿಸಿದ್ರು. ಇಳಿಜಾರು 5ರಿಂದ 12 ಡಿಗ್ರಿ ಇದ್ರೆ ಪ್ರತಿ 300 ಮೀಟರ್ ಇಳಿತಕ್ಕೆ 10 ನಿಮಿಷ ಕಳೀರಿ. 12 ಡಿಗ್ರಿಗಿಂತ ಕಡಿದಾಗಿದ್ರೆ 10 ನಿಮಿಷ ಕೂಡಿಸಿ. ಕೇಳಿಸ್ತಾ? ಕಡಿದಾದ ಇಳಿಜಾರಲ್ಲಿ ಸಮಯ ಕೂಡಿಸ್ಬೇಕು!

ಇದನ್ನ ನಮ್ಮ ಬೆಟ್ಟಕ್ಕೆ ಹಾಕಿ. ಕುಕ್ಕೆ ಕಡೆಯಿಂದ ಒಂದು ಬದಿಗೆ ಸುಮಾರು 13 ಕಿಲೋಮೀಟರ್. ನಡಿಗೆಗೆ 2 ಗಂಟೆ 36 ನಿಮಿಷ. ಇಳಿತವೆಲ್ಲ ಕಡಿದಾದ ಜಾಗದಲ್ಲೇ ಅಂತ ಹಿಡಿದ್ರೆ 1600 ಮೀಟರ್ ಇಳಿತಕ್ಕೆ ಮತ್ತೆ 53 ನಿಮಿಷ. ಒಟ್ಟು ಸುಮಾರು ಮೂರೂವರೆ ಗಂಟೆ. ಇದು ದಿನಾ ನಡೆಯೋ ಗಟ್ಟಿ ಆಳಿಗೆ, ಕೂರದೆ, ಉಣ್ಣದೆ, ಫೋಟೋ ತೆಗೀದೆ. ವಾರವಿಡೀ ಕುರ್ಚಿಯಲ್ಲಿ ಕೂತು, ರಾತ್ರಿಯಿಡೀ ಬಸ್ಸಲ್ಲಿ ಕುಲುಕಿ, ಬೆಳಿಗ್ಗೆಯಿಂದ ಹತ್ತಿದ ಕಾಲಿಗೆ 5 ಗಂಟೆ ಇಟ್ಕೊಳ್ಳಿ. ತಂಡದಲ್ಲಿ ಒಬ್ಬರಿಗೆ ಮಂಡಿ ಹಿಡಿದ್ರೆ 6.

ಡಿಸೆಂಬರಲ್ಲಿ ಸೂರ್ಯ ಮುಳುಗೋದು 6ರ ಆಸುಪಾಸಿಗೆ, ಕಾಡೊಳಗೆ ಅದಕ್ಕೂ ಮುಂಚೆ ಮಬ್ಬು ಕವಿಯುತ್ತೆ. ಹಾಗಾಗಿ ಸಂಜೆ 5ರಿಂದ ಹಿಂದಕ್ಕೆ ಎಣಿಸಿ. ಇಳಿಯೋಕೆ 5 ಗಂಟೆ ಬೇಕು ಅಂದ್ರೆ ಮಧ್ಯಾಹ್ನ 12ಕ್ಕೆ ಎಲ್ಲಿದ್ದೀರೋ ಅಲ್ಲಿಂದ ತಿರುಗಿ. ದಾರಿಯಲ್ಲಿ ಸಿಗೋ ಕಲ್ಲು ಮಂಟಪದಲ್ಲಿದ್ರೆ ಅಲ್ಲಿಂದ. ತುದಿಗಿಂತ ಮುಂಚೆ ಸಿಗೋ ಶೇಷ ಪರ್ವತದಲ್ಲಿ ನಿಂತು ಎದುರಿಗೇ ತುದಿ ಕಾಣ್ತಿದ್ರೂ ಅಲ್ಲಿಂದ. "ಇನ್ನೇನು, ಅರ್ಧ ಗಂಟೆ ಅಷ್ಟೇ" ಅಂತ ಒಬ್ಬ ಅಂದೇ ಅಂತಾನೆ. ಅವನ ಮಾತು ಕೇಳ್ಬೇಡಿ. ಶೇಷ ಪರ್ವತದಿಂದ ಮುಂದೆ ಶೋಲಾ ಅನ್ನೋ ದಟ್ಟ ಕಾಡಿಗೆ ಇಳಿದು, ಬಂಡೆ ಮೇಲೆ ಹತ್ತಿ ತುದಿಗೆ ಹೋಗ್ಬೇಕು. ವಾಪಸ್ ಬರುವಾಗ ಸೋತ ಕಾಲಲ್ಲಿ ಶೇಷ ಪರ್ವತಾನ ಮತ್ತೆ ಹತ್ತಬೇಕು! ಅವನ ಅರ್ಧ ಗಂಟೆ ಅಂದ್ರೆ ನಿಮಗೆ ಒಂದೂವರೆ ಗಂಟೆ.

1996ರ ಮೇ 10ರಂದು ಎವರೆಸ್ಟ್ ಮೇಲೂ ಮಧ್ಯಾಹ್ನ 2 ಗಂಟೆಗೆ ತಿರುಗಬೇಕು ಅನ್ನೋ ಗಡುವಿತ್ತು. ಅದು ದಾಟಿದ ಮೇಲೂ ಜನ ತುದಿಗೆ ಹೋಗ್ತಾನೇ ಇದ್ರು. ಬಿರುಗಾಳಿ ಇಳಿಯೋರ ಮೇಲೆ ಬಂತು. ಆ ಎರಡು ದಿನದಲ್ಲಿ 8 ಜನ ಸತ್ರು. ಪ್ರಪಂಚದ ಪಳಗಿದ ಕಾಲುಗಳಿಗೇ ಇಳಿಯೋದು ಹೀಗಿದ್ರೆ, "ಟಾಪ್ ಆದ್ಮೇಲೆ ಇನ್ನೇನಿರುತ್ತೆ" ಅನ್ನೋ ಮಾತು ಯಾವ ಬಾಯಲ್ಲಿ ಬರುತ್ತೆ?

ಇಲ್ಲಿಗೆ ಅರ್ಧ ಆಯ್ತು. ಚಾನೆಲ್‌ಗೆ ಸಬ್‌ಸ್ಕ್ರೈಬ್ ಮಾಡಿಲ್ಲದವರು ಈಗ ಮಾಡಿ. ಕನ್ನಡದಲ್ಲಿ ಚಾರಣದ ಬಗ್ಗೆ ಜಾಗ ತೋರಿಸೋ ವಿಡಿಯೋ ಬೇಕಾದಷ್ಟಿವೆ, ನಡೆಯೋದು ಹೇಗೆ ಅಂತ ಹೇಳೋದು ಕಮ್ಮಿ. ನಾವು ಅದನ್ನೇ ಮಾಡ್ತಿರೋದು, ಅದಕ್ಕೆ ನಿಮ್ಮ ಬೆಂಬಲ ಬೇಕು. ಈಗ ಹೇಳೋದನ್ನ ಶೂ ಕೈಯಲ್ಲಿ ಹಿಡ್ಕೊಂಡು ಕೇಳಿ, ನಿಜವಾಗ್ಲೂ ಎದ್ದು ಹೋಗಿ ತಗೊಂಡು ಬನ್ನಿ.

ತುದಿಯಲ್ಲಿ ಫೋಟೋ ಆಯ್ತು ಅಲ್ವಾ? ಕೂತ್ಕೊಳ್ಳಿ, ಎರಡೂ ಶೂ ಬಿಚ್ಚಿ. ಬೆಳಿಗ್ಗೆಯಿಂದ ನಡೆದು ಪಾದ ಊದಿರುತ್ತೆ, ಸಾಕ್ಸ್ ಬೆವರಿಗೆ ಒದ್ದೆಯಾಗಿರುತ್ತೆ. 10 ನಿಮಿಷ ಪಾದಕ್ಕೆ ಗಾಳಿ ಆಡಲಿ, ಬೆರಳ ಸಂದಿ ಒರೆಸಿ, ಒಣ ಸಾಕ್ಸ್ ಹಾಕಿ. ಈಗ ಲೇಸು. ಬೆರಳ ಕಡೆಯ ಮೊದಲ ಮೂರು ಸಾಲು ಸ್ವಲ್ಪ ಸಡಿಲ ಬಿಡಿ, ಊದಿದ ಪಾದಕ್ಕೆ ಜಾಗ ಬೇಕು. ಮೇಲೆ ಬರ್ತಾ ಬಿಗಿ ಮಾಡಿ. ತೀರಾ ಮೇಲೆ ಎರಡೂ ಬದಿಗೆ ಒಂದೊಂದು ತೂತು ಖಾಲಿ ಇರುತ್ತೆ ನೋಡಿ, ಎಷ್ಟೋ ಜನ ಅದನ್ನ ಅಲಂಕಾರಕ್ಕೆ ಅಂದುಕೊಂಡಿದಾರೆ. ಅದು ಇರೋದೇ ಹಿಮ್ಮಡಿ ಬಿಗಿ ಹಿಡಿಯೋಕೆ! ಕೆಳಗಿನ ತೂತಿಂದ ಹೊರಬಂದ ಲೇಸನ್ನ ಆಚೆ ಬದಿಗೆ ಒಯ್ಯಬೇಡಿ, ಅದೇ ಬದಿಯ ಮೇಲಿನ ತೂತಿಗೆ ಹೊರಗಿಂದ ಒಳಕ್ಕೆ ಹಾಕಿ. ಪೂರ್ತಿ ಎಳೀಬೇಡಿ, ಕಿರುಬೆರಳು ತೂರೋಷ್ಟು ಕುಣಿಕೆ ಉಳಿಸಿ. ಇನ್ನೊಂದು ಬದಿಗೂ ಹಾಗೇ. ಈಗ ಎಡಗಡೆ ತುದಿಯನ್ನ ಬಲಗಡೆ ಕುಣಿಕೆಯೊಳಗೆ, ಬಲಗಡೆಯದನ್ನ ಎಡಗಡೆ ಕುಣಿಕೆಯೊಳಗೆ ತೂರಿಸಿ, ಹಿಮ್ಮಡಿಯನ್ನ ಶೂ ಹಿಂಭಾಗಕ್ಕೆ ಒತ್ತಿ ಹಿಡಿದು ಎರಡೂ ತುದಿ ಎಳೀರಿ. ಹಿಮ್ಮಡಿ ಕಚ್ಚಿ ಕೂರುತ್ತೆ. ಮೇಲೊಂದು ಮಾಮೂಲಿ ಗಂಟು.

ಸರಿಯಾಗಿದೆಯಾ ಅಂತ ನೋಡೋಕೆ ಶೂ ಮುಂಭಾಗಾನ ಒಂದು ಕಲ್ಲಿಗೆ ಎರಡು ಸಲ ಮೆಲ್ಲಗೆ ಒದೀರಿ. ಹೆಬ್ಬೆರಳು ಮುಂದೆ ಹೋಗಿ ತಾಗಿದ್ರೆ ಮತ್ತೆ ಕಟ್ಟಿ. ಹೀಗೆ ಕಟ್ಟದೇ ಇಳಿದ್ರೆ ಪ್ರತಿ ಹೆಜ್ಜೆಗೂ ಪಾದ ಮುಂದೆ ಜಾರಿ ಉಗುರು ಶೂಗೆ ಗುದ್ದುತ್ತೆ. ಉಗುರಿನ ಕೆಳಗೆ ರಕ್ತ ಹೆಪ್ಪುಗಟ್ಟಿ ಕಪ್ಪಾಗುತ್ತೆ, ವಾರಗಳ ಮೇಲೆ ಉದುರುತ್ತೆ. "ಶೂ ಕ್ವಾಲಿಟಿ ಸರಿ ಇಲ್ಲ" ಅಂತ ಅಂಗಡಿಯವನನ್ನ ಬೈತಾರೆ. ಲೇಸು ಕಟ್ಟೋದು ಅಂಗಡಿಯವನ ಕೆಲಸ ಅಲ್ಲ. ಎರಡು ಮೂರು ದಿನ ಮುಂಚೆ ಉಗುರು ನೇರಕ್ಕೆ ಕತ್ತರಿಸಿ, ಮೂಲೆ ಕೊರೀಬೇಡಿ. ಶೂ ಕೊಳ್ಳೋಕೆ ಸಂಜೆ ಹೋಗಿ, ದಪ್ಪ ಸಾಕ್ಸ್ ಹಾಕ್ಕೊಂಡು ಹೋಗಿ, ಬೆರಳ ಮುಂದೆ ಹೆಬ್ಬೆರಳಗಲ ಜಾಗ ಇರಬೇಕು.

ಇನ್ನು ಕೋಲು. "ಕೋಲು ಮುದುಕರಿಗೆ" ಅನ್ನೋ ಹುಡುಗರಿದಾರೆ, ಅವರ ಮಂಡಿ ಅವರಿಗಿಂತ ಬೇಗ ಮುದಿಯಾಗುತ್ತೆ, ಬೇರೇನೂ ಹೇಳಲ್ಲ. ಸಮ ನೆಲದಲ್ಲಿ ಹಿಡಿದಾಗ ಮೊಣಕೈ 90 ಡಿಗ್ರಿ ಬಾಗೋಷ್ಟು ಉದ್ದ ಇರ್ಲಿ, ಇಳಿಯುವಾಗ ಅದಕ್ಕೆ 5ರಿಂದ 10 ಸೆಂಟಿಮೀಟರ್ ಸೇರಿಸಿ. ಮೊದಲು ಕೋಲು ಕೆಳಗೆ ಊರಬೇಕು, ಭಾರ ಅದರ ಮೇಲೆ ಹೋಗ್ಬೇಕು, ಆಮೇಲೆ ಕಾಲು. ಬಹಳ ಜನ ಕಾಲಿಟ್ಟ ಮೇಲೆ ಕೋಲು ಊರ್ತಾರೆ, ಅದರಿಂದ ಉಪಯೋಗ ಇಲ್ಲ. ಬಂಡೆ ಹಿಡಿದು ಇಳಿಯೋ ಜಾಗದಲ್ಲಿ ಪಟ್ಟಿಯಿಂದ ಕೈ ಬಿಡಿಸಿ, ಕೋಲನ್ನ ಬ್ಯಾಗಿಗೆ ಸಿಕ್ಕಿಸಿ, ಬಂಡೆಗೆ ಮುಖ ಮಾಡಿ ಕೈ ಉಪಯೋಗಿಸಿ ಇಳೀರಿ. ಮಂಡಿ ಯಾವಾಗಲೂ ಸ್ವಲ್ಪ ಬಾಗಿರಲಿ, ಹೆಜ್ಜೆ ಚಿಕ್ಕದಿರಲಿ. ಎತ್ತರದ ಕಲ್ಲಿಂದ ಧುಮುಕಬೇಡಿ. ಧುಮುಕಿದಾಗ ಮಂಡಿ ಮೇಲೆ ಮೈಭಾರದ ಹಲವು ಪಟ್ಟು ಬೀಳುತ್ತೆ.

ಸಾವನದುರ್ಗ, ಸಮುದ್ರಮಟ್ಟದಿಂದ 1226 ಮೀಟರ್ ಎತ್ತರದ ಏಕಶಿಲೆ, ಮಾಗಡಿ ಹತ್ತಿರ. ಬೆಂಗಳೂರಿನವರು ಬೆಳಿಗ್ಗೆ ಹೋಗಿ ಮಧ್ಯಾಹ್ನ ವಾಪಸ್. ಹತ್ತುವಾಗ ಬಂಡೆ ಹಿತವಾಗಿ ಹಿಡಿಯುತ್ತೆ. ಇಳಿಯುವಾಗ ಹೆದರಿಕೆ ಆಗಿ ಜನ ಹಿಂದಕ್ಕೆ ವಾಲ್ತಾರೆ, ಹಿಮ್ಮಡಿ ಮಾತ್ರ ಊರ್ತಾರೆ. ಅಲ್ಲೇ ಜಾರೋದು. ಪೂರ್ತಿ ಅಡಿಭಾಗ ಬಂಡೆಗೆ ಕೂರಬೇಕು, ಮೈ ಸ್ವಲ್ಪ ಮುಂದಕ್ಕಿರಬೇಕು. ಬಂಡೆ ಮೇಲೆ ಉದುರಿರೋ ಗರಸು ಮಣ್ಣು ಕಾಲ ಕೆಳಗೆ ರಾಗಿ ಕಾಳು ಚೆಲ್ಲಿದ ಹಾಗೆ ಉರುಳುತ್ತೆ, ಅದನ್ನ ತಪ್ಪಿಸಿ ಬರಿಬಂಡೆ ಮೇಲೆ ಕಾಲಿಡಿ. ಮಳೆ ಬಂದ್ರೆ ಕಪ್ಪು ಗೆರೆ ಇರೋ ಕಡೆ ಹೋಗಲೇಬೇಡಿ, ಅದು ನೀರು ಹರಿದು ಪಾಚಿ ಕಟ್ಟಿದ ಜಾಗ.

ದಾರಿ ತಪ್ಪೋದೂ ಇಳಿಯುವಾಗಲೇ, ಇದು ಬಹಳ ಜನಕ್ಕೆ ಹೊಳೆಯೋದೇ ಇಲ್ಲ. ಹತ್ತುವಾಗ ಯಾವ ಏಣಿನ, ಅಂದ್ರೆ ಬೆಟ್ಟದ ಬೆನ್ನಿನ ಮೇಲೆ ನಡೆದ್ರೂ ಕೊನೆಗೆ ಎಲ್ಲಾ ತುದಿಯಲ್ಲೇ ಸೇರ್ತವೆ. ಇಳಿಯುವಾಗ ಒಂದೇ ತುದಿಯಿಂದ ದಾರಿಗಳು ಕವಲೊಡೆದು ದೂರದೂರ ಹೋಗ್ತವೆ. ಮೇಲೆ ಹತ್ತು ಅಡಿ ತಪ್ಪಿದ್ರೆ ಕೆಳಗೆ ಬೇರೆ ಕಣಿವೆ. ಅದಕ್ಕೆ ಹತ್ತುವಾಗ ಪ್ರತಿ ಕವಲಲ್ಲೂ ಹಿಂದಕ್ಕೆ ತಿರುಗಿ ನೋಡಿ, ಫೋನಲ್ಲಿ ಒಂದು ಫೋಟೋ ತೆಗೀರಿ. ವಾಪಸ್ ಬರುವಾಗ ಕಾಣೋದು ಆ ನೋಟ. ತಂಡದಲ್ಲಿ ನಿಧಾನಸ್ಥರು ಮುಂದೆ ಇರ್ಲಿ, ದಾರಿ ಬಲ್ಲ ಒಬ್ಬರು ಅವರ ಜೊತೆ, ಇನ್ನೊಬ್ಬರು ಕೊನೇಲಿ. ಕವಲು ಬಂದ್ರೆ ಎಲ್ಲರೂ ಸೇರೋವರೆಗೆ ಮುಂದಿನವರು ಕದಲಬಾರದು.

ಟಾರ್ಚು ಹಣೆಗೆ ಕಟ್ಟೋದನ್ನೇ ತಗೊಳ್ಳಿ, ಎರಡು ಕೈ ಬಿಡುವಾಗಿರಬೇಕು. ಮೊಬೈಲ್ ಟಾರ್ಚ್ ನಂಬಬೇಡಿ, ಸಹಾಯಕ್ಕೆ ಕರೆ ಮಾಡೋ ಬ್ಯಾಟರಿಯೇ ಹೋಗುತ್ತೆ. ಮಂಜು ಕವಿದ್ರೆ ಹಣೆಯ ಬೆಳಕು ಮಂಜಿಗೆ ಬಡಿದು ಕಣ್ಣಿಗೇ ವಾಪಸ್ ಬರುತ್ತೆ. ಆಗ ಬಿಚ್ಚಿ ಸೊಂಟದ ಮಟ್ಟಕ್ಕೆ ಹಿಡೀರಿ, ಕಲ್ಲಿನ ನೆರಳು ಬೀಳುತ್ತೆ, ಹಳ್ಳ ದಿಣ್ಣೆ ಗೊತ್ತಾಗುತ್ತೆ. ಕೊಡಚಾದ್ರಿಯಲ್ಲಿ ಸೂರ್ಯಾಸ್ತ ನೋಡೋಕೆ ಕೂತು ಆಮೇಲೆ ಕತ್ತಲಲ್ಲಿ ನಡೆದು ಇಳಿಯೋರು ಇದನ್ನ ಎರಡು ಸಲ ಕೇಳಿ.

ನೀರು 3 ಲೀಟರ್ ಒಯ್ದಿದ್ರೆ 1 ಲೀಟರ್ ಇಳಿಯೋಕೆ ಅಂತ ತೆಗೆದಿಡಿ, ಎರಡು ಕಡಲೆ ಚಿಕ್ಕಿಯೂ. ತುದಿಯಲ್ಲಿ ಎಲ್ಲಾ ಖಾಲಿ ಮಾಡೋದು ಹಬ್ಬ ಅಲ್ಲ.

ಈಗ ಕಾಮೆಂಟಲ್ಲಿ ಬರೋ ವಾದಗಳು ಗೊತ್ತು. "ನಾವು ಓಡಿ ಇಳೀತೀವಿ, ಏನೂ ಆಗಲ್ಲ." ಓಡಿ, ಆದ್ರೆ ಎದುರಿಗೆ ಹತ್ತಿ ಬರ್ತಿರೋ ಹೆಂಗಸಿನ ಮೇಲೆ ಬೀಳಬೇಡಿ. ಇಳಿಜಾರಲ್ಲಿ ಹತ್ತುತ್ತಿರೋರಿಗೆ ದಾರಿ ಬಿಡ್ಬೇಕು, ನಿಲ್ಲೋಕಾಗದ ವೇಗದಲ್ಲಿ ಬರೋರು ಹೇಗೆ ಬಿಡ್ತಾರೆ? "ಉಂಬಳ ಕಚ್ಚುತ್ತೆ, ಅದಕ್ಕೆ ಓಡ್ತೀವಿ." ಉಂಬಳ, ಅಂದ್ರೆ ಜಿಗಣೆ, ಕಚ್ಚಿದ್ರೆ ಒಂದಿಷ್ಟು ರಕ್ತ, ತುರಿಕೆ. ಓಡಿ ಬಿದ್ರೆ ಹಲ್ಲು. ಬಟ್ಟೆ ಗಂಟಲ್ಲಿ ಸುಣ್ಣ, ಹೊಗೆಸೊಪ್ಪಿನ ಪುಡಿ ಕಟ್ಟಿ ಸಾಕ್ಸ್ ಮೇಲೆ ಉಜ್ಜಿ, ನಡೀರಿ. "ಊರಿನವರು ಹವಾಯಿ ಚಪ್ಪಲೀಲಿ ಇಳೀತಾರಲ್ಲ" ಅಂತೀರಿ. ಇಳೀತಾರೆ, ಸರಿಯಾಗಿ ನೋಡಿ ಹೇಗೆ ಇಳೀತಾರೆ ಅಂತ. ಮಂಡಿ ಬಾಗಿರುತ್ತೆ, ಹೆಜ್ಜೆ ಮೊಳಕ್ಕಿಂತ ಚಿಕ್ಕದು, ಕೈಯಲ್ಲೊಂದು ಕೋಲು ಅಥವಾ ಕತ್ತಿ, ಬೆನ್ನ ಮೇಲೆ ನಿಮ್ಮ 12 ಕೆಜಿ ಬ್ಯಾಗ್ ಇಲ್ಲ. ಹುಟ್ಟಿದಾಗಿಂದ ದಿನಾ ಇಳಿದ ಕಾಲು ಅದು. ನಾನು ಇಷ್ಟು ಹೊತ್ತು ಹೇಳಿದ್ದನ್ನೇ ಅವರು ಮಾಡ್ತಿರೋದು!

ದಿನಾ ಇಳಿದ ಕಾಲು ಅಂದೆ, ಅದೇ ಮುಖ್ಯ. ತೊಡೆಗೆ ಈ ಹಿಗ್ಗುವ ಕೆಲಸ ಒಂದೆರಡು ಸಲ ಮಾಡಿಸಿಟ್ರೆ ಮುಂದಿನ ಕೆಲವು ವಾರ ನೋವು ಎಷ್ಟೋ ಕಮ್ಮಿ ಬರುತ್ತೆ, ಸ್ನಾಯು ಪಳಗುತ್ತೆ. ಎಲ್ಲರೂ ಚಾರಣಕ್ಕೆ ಅಂತ ಮೆಟ್ಟಿಲು ಹತ್ತಿ ಅಭ್ಯಾಸ ಮಾಡಿ ಲಿಫ್ಟಲ್ಲಿ ಇಳೀತಾರೆ. ತಿರುಗಾಮುರುಗಾ! ಲಿಫ್ಟಲ್ಲಿ ಹತ್ತಿ, ಮೆಟ್ಟಿಲಲ್ಲಿ ಇಳೀರಿ. ಚಾರಣಕ್ಕೆ 3 ವಾರ ಮುಂಚೆ ಶುರು ಮಾಡಿ, ವಾರಕ್ಕೆ ಎರಡು ದಿನ, ಮೊದಲ ದಿನ 10 ಮಹಡಿ, ಮೆಲ್ಲಗೆ 30ರವರೆಗೆ. ಕೊನೆಯ ವಾರ ಬ್ಯಾಗಿಗೆ 5 ಕೆಜಿ ಅಕ್ಕಿ ಹಾಕ್ಕೊಳ್ಳಿ. ಹೊರಡೋಕೆ 4 ದಿನ ಮುಂಚೆ ನಿಲ್ಲಿಸಿ. ಈಗಾಗಲೇ ಮಂಡಿ ನೋವಿರೋರು ಇದನ್ನ ಮಾಡ್ಬೇಡಿ, ಡಾಕ್ಟರನ್ನ ಕೇಳಿ.

ಮತ್ತೆ ಒಂದು ಮಾತು, ಆ ಕಾಮೆಂಟ್ ಹಾಕಿದವರಿಗೇ. ಹತ್ತುವಾಗ ನೀವು ನೋಡಿದ್ದು ಮುಂದಿನವರ ಹಿಮ್ಮಡಿ. ಇಳಿಯುವಾಗ ತಲೆ ಎತ್ತಿದ್ರೆ ಇಡೀ ಸೀಮೆ ಎದುರಿಗೆ ಹಾಸಿರುತ್ತೆ, ಹುಲ್ಲುಗಾವಲು, ಅದರ ಕೆಳಗೆ ಕಾಡು, ಅದರಾಚೆ ಅಡಿಕೆ ತೋಟ. ನೋಡೋಕೆ ಮಾತ್ರ ನಿಂತ್ಕೊಂಡು ನೋಡಿ, ನಡೀತಾ ಅಲ್ಲ. ಗಿರಿಗದ್ದೆಯಲ್ಲಿ ಬಿಸಿ ಅನ್ನ ಸಾರಿನ ರುಚಿ ಹತ್ತುವಾಗ ಒಂಥರಾ, ಇಳಿಯುವಾಗ ಬೇರೆಯೇ. ಕೆಳಗೆ ಬಂದ ಮೇಲೆ ಕುಮಾರಧಾರಾ ಹೊಳೆ. ಆ ಬೆಟ್ಟದಲ್ಲೇ ಹುಟ್ಟಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರೋ ನೀರು. ಸ್ನಾನಘಟ್ಟದಲ್ಲಿ ಶೂ ಬಿಚ್ಚಿ ಎರಡೂ ಕಾಲು ಅದರೊಳಗೆ ಇಳಿಬಿಟ್ಟು ಕೂತು ನೋಡಿ. ಇದನ್ನ ಸ್ಕಿಪ್ ಮಾಡಿದ್ರಾ? ಇದನ್ನಾ? ಇಳಿಯೋದೇ ಚಾರಣ ಸ್ವಾಮಿ, ಎಷ್ಟು ಸಲ ಹೇಳ್ಲಿ!

ಹೋಗೋ ಮುಂಚೆ ಅರಣ್ಯ ಇಲಾಖೆಯಲ್ಲಿ ದಾರಿ ತೆರೆದಿದೆಯಾ ನೋಡಿ, ಬೇಸಿಗೆಯ ಕಾಡ್ಗಿಚ್ಚಿಗೆ, ಜೋರು ಮಳೆಗೆ ಮುಚ್ತಾರೆ, ಟಿಕೆಟ್ ಆನ್‌ಲೈನಲ್ಲಿ ಮೊದಲೇ ಮಾಡಿಸ್ಬೇಕು. ಆ ಲೇಸಿನ ಗಂಟು ಇನ್ನೂ ಬರದಿದ್ರೆ ಹಿಂದಕ್ಕೆ ಹೋಗಿ ನಿಧಾನಕ್ಕೆ ಮತ್ತೆ ನೋಡಿ, ಕಟ್ಟಿದ ಶೂ ಫೋಟೋ ನಮಗೆ ಕಳಿಸಿ, ತಪ್ಪಿದ್ರೆ ತಿದ್ದಿ ಹೇಳ್ತೀವಿ. ಟೆಂಟಿನ ವಿಡಿಯೋ ಬರೋ ಶನಿವಾರ. ಈಗ ಲಿಫ್ಟ್ ಬಟನ್ ಒತ್ತಿ, ಮೇಲೆ ಹೋಗಿ, ಮೆಟ್ಟಿಲಲ್ಲಿ ಇಳ್ಕೊಂಡು ಬನ್ನಿ.